ಮೊಳಕೆಯ ವಾರ

ಆ ವಾರ ಮೂರನೇ ತರಗತಿಯಲ್ಲಿ ಬೀಜ ಮೊಳೆಯುವ ಪಾಠ ನಡೆದಿತ್ತು. ಆ ತರಗತಿಯಲ್ಲಿ ಕೂರುತ್ತಿದ್ದವಳು ನನ್ನ ಚಿಕ್ಕಮ್ಮನ ಮಗಳು. ಪಾಠವನ್ನು ಮೈಮೇಲೆ ಎಳೆದುಕೊಂಡವನು ನಾನು. ಶಹಾಪುರದ ನಮ್ಮ ಓಣಿಯಲ್ಲಿ ಪಿಯುಸಿಗೆ ವಿಜ್ಞಾನ ತೆಗೆದುಕೊಂಡವನು ನಾನೊಬ್ಬನೇ ಆದ್ದರಿಂದ, ಭೂಮಿಯ ಮೇಲಿನ ಸಕಲ ಸಸ್ಯಗಳ ಜವಾಬ್ದಾರಿ ನನ್ನದೇ ಆಗಿತ್ತು. ಜೀವಶಾಸ್ತ್ರದಲ್ಲಿ ನನಗೆಷ್ಟು ಅಂಕ ಬಂದಿತ್ತು ಎಂಬ ವಿಷಯ ಇಲ್ಲಿ ಬೇಡ.

ಹುಡುಗಿ ಗುರುಮಠಕಲ್ ಕಡೆಯವಳು. ಚಿಕ್ಕಮ್ಮನನ್ನು ಕೊಟ್ಟ ಮನೆಯಲ್ಲಿ ತೆಲುಗೇ ಮಾತು. ಆ ವರ್ಷ ಓದಲೆಂದು ನಮ್ಮ ಮನೆಗೆ ಬಂದವಳು, ಮೊದಲ ದಿನವೇ ಕ್ಲಾಸಿನಲ್ಲಿ ಏನೋ ಹೇಳಹೋಗಿ ನಡುವೆ ತೆಲುಗು ಬೆರೆಸಿಬಿಟ್ಟಳು. ಮಕ್ಕಳು ನಕ್ಕ ಸದ್ದು ಸುರಪುರದ ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು. ಅಂದಿನಿಂದ ಬಾಯಿಗೆ ಬೀಗ. ಹಾಜರಿಗೂ ಕೈ ಮಾತ್ರ ಎತ್ತುತ್ತಿದ್ದಳು. ಶನಿವಾರ ಎಲ್ಲರೂ ತಮ್ಮ ತಮ್ಮ ಮೊಳಕೆ ತಂದು, ಎದ್ದು ನಿಂತು ಅದರ ಕಥೆ ಹೇಳಬೇಕಿತ್ತು. ಆಗಲೂ ಬಾಯಿ ಬಿಡದಿದ್ದರೆ ಅವಳನ್ನು ಎರಡನೇ ತರಗತಿಯ ಮಕ್ಕಳ ಜೊತೆ ಕೂರಿಸುವುದಾಗಿ ಮೇಡಂ ಹೇಳಿಕಳಿಸಿದ್ದರು.

ನಾನು ಹೆಸರುಕಾಳು ನೆನೆಸಿ, ಹಸಿ ಬಟ್ಟೆಯಲ್ಲಿ ಕಟ್ಟಿ, ಅಡುಗೆಮನೆಯ ಗೂಟಕ್ಕೆ ನೇತುಹಾಕಿದೆ. ದಿನಾ ಸಂಜೆ ಅವಳು ಎದ್ದು ನಿಂತು ಹೇಳುವುದು, ನಾನು ಇಡೀ ಕ್ಲಾಸಾಗಿ ನಗುವುದು. ಹೆದರಿಕೆ ಹೋಗಲಿ ಅಂತ ಹೊಟ್ಟೆ ಹಿಡಿದುಕೊಂಡು, ನೆಲದ ಮೇಲೆ ಉರುಳಿ ನಗುತ್ತಿದ್ದೆ.

"ಅಣ್ಣಾ, ನೀ ನಗೋದು ಅವರಕಿಂತ ಕೆಟ್ಟ ಅದ," ಎಂದಳು. ಆದರೂ ದಿನದಿಂದ ದಿನಕ್ಕೆ ಅವಳ ಮಾತು ಗಟ್ಟಿಯಾಯಿತು. ಶುಕ್ರವಾರದ ಹೊತ್ತಿಗೆ ಮೊಳಕೆಗಳೂ ಹಾವಿನ ಮರಿಗಳಂತೆ ಗಂಟಿನ ಸಂದಿಯಿಂದ ಇಣುಕುತ್ತಿದ್ದವು.

ಶನಿವಾರ ಬೆಳಗ್ಗೆ ಅವ್ವ ಅವಳಿಗೆ ಜಡೆ ಹಾಕುತ್ತಿದ್ದಳು. ನಾನು ಬಿಸಿ ರೊಟ್ಟಿಗೆ ಪಲ್ಯ ಹಚ್ಚಿಕೊಂಡು ಹೊಡೆಯುತ್ತ, ಇಷ್ಟು ರುಚಿಯ ಪಲ್ಯ ಯಾದಗಿರಿಯ ಯಾವ ಖಾನಾವಳಿಯಲ್ಲೂ ಸಿಗುವುದಿಲ್ಲ ಎಂದು ಆಯಿಯನ್ನು ಹೊಗಳುತ್ತಿದ್ದೆ. ಅಪ್ಪನ ತಾಯಿ ಆಯಿ, ಹೊಗಳಿದರೆ ಇನ್ನೊಂದು ರೊಟ್ಟಿ ಹಾಕುವವಳು. ಅಷ್ಟರಲ್ಲಿ ಹುಡುಗಿ ಬಂದು ಗೂಟ ನೋಡಿದಳು. ಗಂಟಿರಲಿಲ್ಲ. ಬಟ್ಟೆ ಒಗೆದು ಹಿತ್ತಲಲ್ಲಿ ಒಣಹಾಕಿತ್ತು.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಮ್ಮ ಕಡೆ ಅಡುಗೆಮನೆಯಲ್ಲಿ ತೂಗುವ ಹಸಿ ಗಂಟಿಗೆ ಇರುವುದು ಒಂದೇ ಗತಿ ಎಂಬುದು ವಿಜ್ಞಾನದ ಗುಂಗಿನಲ್ಲಿ ನನಗೆ ಹೊಳೆದಿರಲೇ ಇಲ್ಲ.

ಅದನ್ನು ಶಾಲೆಗೆ ಒಯ್ಯಬೇಕಿತ್ತು ಎಂದೆ. ಆಯಿ ನನ್ನನ್ನೇ ದುರುಗುಟ್ಟಿ ನೋಡಿದಳು. "ಮೊಳಕಿ ಒಡದ್ ಮ್ಯಾಲ ಒಗ್ಗರಣಿ ಹಾಕಬೇಕಪಾ. ನೋಡ್ಕೋತ ಕುಂದ್ರಾಕ ಅದೇನು ಟೀವಿ ಏನು?"

ತಟ್ಟೆಯ ಅಂಚಿನಲ್ಲಿ ಒಂದು ಮೊಳಕೆ ಉಳಿದಿತ್ತು, ಅರಿಶಿನ ಹಚ್ಚಿಕೊಂಡು, ಬೆನ್ನ ಮೇಲೆ ಸಾಸಿವೆ ಹೊತ್ತು. ತೊಳೆದು ಕೊಡಲೇ ಎಂದು ಹುಡುಗಿಯನ್ನು ಕೇಳಿದೆ. ಅವಳು ಹಿತ್ತಲಿಗೆ ಹೋಗಿ ಹಸಿ ಬಟ್ಟೆಯನ್ನೇ ಮಡಚಿಕೊಂಡು ಹೊರಟಳು. ಶಾಲೆಯ ದಾರಿಯುದ್ದಕ್ಕೂ ನಾನು ಉಪಾಯಗಳನ್ನು ಸುರಿಸಿದೆ: ಜ್ವರ ಬಂದಂತೆ ಮಾಡು, ಕೋಳಿ ತಿಂದಿತು ಅನ್ನು, ನಾನೇ ಒಳಗೆ ಬಂದು ಭಾಷಣ ಮಾಡುತ್ತೇನೆ. ಅವಳು ನೆಲ ನೋಡಿಕೊಂಡೇ ನಡೆದಳು.

ನಾನು ಕಿಟಕಿಯ ಹೊರಗೆ ನಿಂತೆ. ಅವಳ ಸರದಿ ಬಂತು. ನೆನೆಸಿದ್ದು, ಕಟ್ಟಿದ್ದು, ಸಿಪ್ಪೆ ಬಿರಿದದ್ದು ಎಲ್ಲವನ್ನೂ ಕಲಿತಂತೆಯೇ ಹೇಳಿದಳು. ಕೊನೆಗೆ ಮೇಡಂ ಕಾಳು ತೋರಿಸೆಂದರು. ಬಟ್ಟೆ ಬಿಚ್ಚಿದಳು. ಏನೂ ಇರಲಿಲ್ಲ. ಅವಳು ಕಿಟಕಿಯ ಕಡೆ ನೋಡಿದಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ಸರಳು ಹಿಡಿದುಕೊಂಡು ಸುಮ್ಮನೆ ಬಾಯಿ ಆಡಿಸಿದೆ, ಅಕ್ವೇರಿಯಂ ಮೀನಿನ ಹಾಗೆ.

"ತಿನೇಶಾರು," ಎಂದುಬಿಟ್ಟಳು. ತಿಂದುಬಿಟ್ಟರು ಅಂತ, ತೆಲುಗಿನಲ್ಲಿ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಈಗ ಕೂತುಬಿಡುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ನಗು ಇಳಿಯಿತು. ಆಮೇಲೆ ಅವಳ ದನಿ ಕೇಳಿತು.

"ಪಲ್ಯ ಮಾಡಿ ತಿಂದಾರ್ರಿ ಮೇಡಂ. ಅಲ್ಲಿ ಕಿಡಕ್ಯಾಗ ನಿಂತಾನಲ್ರೀ ನಮ್ಮಣ್ಣ, ಅಂವನೂ ತಿಂದಾನ್ರಿ. ಭಾರಿ ಆಗ್ಯಾದಂತ ಮತ್ತೊಂದು ರೊಟ್ಟಿ ಹಾಕ್ಸ್ಕೊಂಡಾನ್ರಿ."

ಇಡೀ ತರಗತಿ ನನ್ನ ಕಡೆ ತಿರುಗಿತು. ಮೇಡಂ ಕೂಡ. ಅರಿಶಿನದ ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ. ಮುಂದೇನಾಯಿತು ಎಂದು ಮೇಡಂ ಅವಳನ್ನು ಕೇಳಿದರು. ಅವಳು ದಿನಾ ಸಂಜೆ ನಾನು ನೆಲದ ಮೇಲೆ ಹೇಗೆ ಉರುಳುತ್ತಿದ್ದೆ ಎಂಬುದನ್ನು ಹೇಳತೊಡಗಿದಳು.