‘ಬಿಟ್ಟೇನಿ’ ಎಂಬ ಮಾತಿನ ಇಂಗ್ಲಿಷ್

ಗೋಕಾಕದ ಈ ಓಣಿಗೆ ಇಂದಿನ ನಳದ ನೀರು ಇನ್ನೂ ಬಂದಿಲ್ಲ. ಬಾಗಿಲ ಬೆಳಕಿಗೆ ಚಾಪೆ ಎಳೆದುಕೊಂಡು ಕೂತ ಆಮ್ರಪಾಲಿ, ಹುಕ್ಕೇರಿಯ ವಕೀಲರೊಬ್ಬರು ಕಳಿಸಿದ ಬಾಡಿಗೆ ಕರಾರನ್ನು ಇಂಗ್ಲಿಷಿಗೆ ತರುತ್ತಿದ್ದಾರೆ. ‘ಇನ್ ದಿ ಇವೆಂಟ್ ದ್ಯಾಟ್’ ಎಂದು ಬರೆದು, ಅದನ್ನು ಹೊಡೆದುಹಾಕಿ ‘ಇಫ್’ ಎಂದಷ್ಟೇ ಬರೆಯುತ್ತಾರೆ. ವಾಕ್ಯವನ್ನು ಗಟ್ಟಿಯಾಗಿ ಓದುತ್ತಾರೆ. ನಡುವೆ ಉಸಿರು ಕಟ್ಟಿದರೆ ಅದನ್ನು ಒಡೆದು ಎರಡು ಮಾಡುತ್ತಾರೆ.

ಗೋಕಾಕ, ಮೂಡಲಗಿ, ಹುಕ್ಕೇರಿಯಿಂದ ಮೇಲ್ಮನವಿಗೆ ಹೋಗುವ ಎಷ್ಟೋ ಸಾಕ್ಷಿ ಹೇಳಿಕೆಗಳು, ಖರೀದಿಪತ್ರಗಳು ಇವರ ಕೈ ದಾಟಿ ಹೋಗುತ್ತವೆ. ತೀರ್ಪಿನಲ್ಲಿ ವಕೀಲರ ಹೆಸರಿರುತ್ತದೆ, ಇವರದ್ದಿರುವುದಿಲ್ಲ. ಬೇಸರವಿಲ್ಲವೇ ಎಂದರೆ ತಲೆ ತಗ್ಗಿಸುತ್ತಾರೆ. “ಹೆಸರು ಇಲ್ಲದ್ದ ಚಲೋ ಐತ್ರಿ. ನಾ ಮಾಡಿದ್ದು ಗೊತ್ತಿದ್ರ ನೀವು ಇಲ್ಲಿಗೆ ಬರ್ತಿರಲಿಲ್ಲ.”

ತಂದೆ ಗೋಕಾಕ ಫಾಲ್ಸ್‌ನ ಗಿರಣಿಯಲ್ಲಿ ದುಡಿದವರು. ಕಾಲೇಜಿನಲ್ಲಿ ಆಮ್ರಪಾಲಿ ಮೊದಲ ಸಲ ಇಂಗ್ಲಿಷ್ ಮಾತಾಡಿದಾಗ ಹಿಂದಿನ ಬೆಂಚಿನವರು ನಕ್ಕಿದ್ದರು. ಆ ನಗುವನ್ನು ಗೆಲ್ಲಲು ದೊಡ್ಡ ದೊಡ್ಡ ಪದಗಳನ್ನು ಕೂಡಿಟ್ಟರು. ಸಣ್ಣ ಪದ ಸಾಕಾಗುವಲ್ಲಿ ಭಾರದ್ದೊಂದನ್ನು ಇಡುವುದು ಚಟವೇ ಆಯಿತು. ವಕೀಲರೂ ಹೊಗಳಿದರು.

ಆ ದಿನಗಳಲ್ಲೇ ಮೇಲವಂಕಿಯ ಬೇಗಂಬಿ ತಂದೆಯ ಹೊಲದಲ್ಲಿ ತಮ್ಮ ಪಾಲಿಗಾಗಿ ಅಣ್ಣನ ಮೇಲೆ ದಾವೆ ಹೂಡಿ ಗೆದ್ದಿದ್ದರು. ಅಣ್ಣ ಹೈಕೋರ್ಟಿಗೆ ಹೋದ. ಬೇಗಂಬಿಯ ಹೇಳಿಕೆಯನ್ನು ಅವರ ವಕೀಲ ಕೇದಾರಿ ಆಮ್ರಪಾಲಿಗೆ ಅನುವಾದಕ್ಕೆ ಕೊಟ್ಟರು. ಅದರಲ್ಲಿದ್ದದ್ದು: “ಮೊಣಕಾಲ ಹಿಡಕೊಂಡ ಮ್ಯಾಲ ನಾ ಹೊಲಾ ಬಿಟ್ಟೇನ್ರಿ.” ಹೊಲದಲ್ಲಿ ದುಡಿಯುವುದನ್ನು ನಿಲ್ಲಿಸಿದೆ, ಅಷ್ಟೇ. ಆಮ್ರಪಾಲಿ ‘ಬಿಟ್ಟೇನಿ’ಗೆ ‘ರಿಲಿಂಕ್ವಿಶ್ಡ್’ ಎಂದು ಬರೆದರು. ಹಕ್ಕನ್ನೇ ಬಿಟ್ಟುಕೊಟ್ಟೆ ಎನ್ನುವಾಗ ಕಾನೂನು ಬಳಸುವ ಪದ ಅದು. ಎದುರು ವಕೀಲರು ಅದನ್ನೇ ಹಿಡಿದರು. ಬೇಗಂಬಿಯ ಮನೆಯವರು ಹೊಲಕ್ಕೆ ಕಾಲಿಡದಂತೆ ತಡೆ ಬಂತು. ಬಿತ್ತನೆಯ ಹದ ತಪ್ಪಿತು.

“ಕೇದಾರಿ ಸರ ಫೋನ್‌ನ್ಯಾಗ ಆ ಶಬ್ದ ಓದಿದ್ರು. ಬರಿಯೂ ಮುಂದನ ಅದರ ಅರ್ಥ ನಂಗ ಗೊತ್ತಿತ್ತರಿ. ಕೇಳಾಕ ಭಾರಿ ಅನಸ್ತು, ಬರದ್ಬಿಟ್ಟೆ.”

ಮರುದಿನವೇ ಮೇಲವಂಕಿಗೆ ಹೋದರು. ಬೇಗಂಬಿ ಹೊರಸಿನ ಮೇಲೆ ಕಾಲು ನೀಡಿ ಕೂತಿದ್ದರು.

“ಚಾಚಿ, ತಪ್ಪು ನಿಮ್ಮದಲ್ಲ, ವಕೀಲರದೂ ಅಲ್ಲ. ನಂದು.”

ಎಲ್ಲವನ್ನೂ ಕೇಳಿಸಿಕೊಂಡ ಬೇಗಂಬಿ ಬೈಯಲಿಲ್ಲ. “ನಾ ಸರಳ ಹೇಳಿದ್ನಲ್ಲವಾ ತಂಗಿ. ನೀ ಯಾಕ ತಿರುವಿದಿ?” ಎಂದರು. ಆಮ್ರಪಾಲಿ ಎದ್ದು ಬಂದರು.

ಟೈಪಿನ ತಪ್ಪು ಅಂತ ಹೇಳಿ ಮುಗಿಸೋಣ ಎಂದರು ಕೇದಾರಿ. ಆಮ್ರಪಾಲಿ ಒಪ್ಪಲಿಲ್ಲ. ತಪ್ಪು ತನ್ನದೇ ಎಂದು ಪ್ರಮಾಣಪತ್ರ ಬರೆದು ಕೊಟ್ಟರು. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಅದನ್ನು ಓದುವಾಗ ಆಮ್ರಪಾಲಿ ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು. ನ್ಯಾಯಾಲಯ ಮೂಲ ಕನ್ನಡವನ್ನು ತರಿಸಿ ಓದಿ ತಡೆ ತೆಗೆಯಿತು. ಮುಂದೆ ಬೇಗಂಬಿಯ ಪಾಲೂ ಉಳಿಯಿತು. ಆದರೆ ಆ ವರ್ಷ ಹೊಲ ಬೀಳುಬಿತ್ತು. ಹೊಗಳಿದ್ದ ವಕೀಲರಲ್ಲಿ ಕೆಲವರು ಕೆಲಸ ಕೊಡುವುದನ್ನು ನಿಲ್ಲಿಸಿದರು.

ಈಗ ಇಂಗ್ಲಿಷ್ ಮುಗಿದ ಮೇಲೆ ಆಮ್ರಪಾಲಿ ಅದನ್ನು ಹೇಳಿಕೆ ಕೊಟ್ಟವರಿಗೇ ಕನ್ನಡದಲ್ಲಿ ತಿರುಗಿ ಹೇಳುತ್ತಾರೆ. ಇಂದು ತಮ್ಮ ಹೇಳಿಕೆ ಕೇಳಲು ಕಲ್ಲೋಳಿಯಿಂದ ಉದ್ದಪ್ಪ ಬಂದಿದ್ದಾರೆ. ಕಣ್ಣು ಮುಚ್ಚಿ ಕೇಳಿ, “ಹೂಂನ್ರಿ, ಇಷ್ಟ ಹೇಳೇನಿ” ಎನ್ನುತ್ತಾರೆ. ಆಮೇಲಷ್ಟೇ ಅನುವಾದಕ್ಕೆ ಆಮ್ರಪಾಲಿಯ ಸಹಿ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಕರಾರಿನ ಹಾಳೆಗಳನ್ನು ಜೋಡಿಸಿಡುತ್ತಾರೆ.

“ಬೇಗಂಬಿ ಚಾಚಿ ದವಾಖಾನಿಗೆ ಬಂದಾಗ ಕರದು ಮಾತಾಡಸ್ತಾರ್ರಿ. ನಾ ನೆಲಾ ನೋಡ್ಕೋಂತ ನಿಲ್ತೇನಿ. ಒಂದಿನ ಅವರ ಮಾರಿ ನೋಡಿ ಮಾತಾಡಾಕ ಬಂದ್ರ ಸಾಕು.”