ನನ್ನ ಅಳತೆಯ ಸೈಕಲ್ಲು

ನನ್ನ ಎತ್ತರ ಐದು ಅಡಿ ಎರಡು ಇಂಚು ಎಂದು ಹೇಳಿಕೊಳ್ಳುತ್ತೇನೆ. ಅದರಲ್ಲಿ ಚಪ್ಪಲಿಯ ಪಾಲೂ ಇದೆ ಎಂಬುದನ್ನು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ. ಇಷ್ಟು ಎತ್ತರದವನು ಅಂಗಡಿಯಲ್ಲಿ ಕೊಂಡ ಸೈಕಲ್ಲಿನ ಮೇಲೆ ಕೂತರೆ ಕಾಲಿಗೆ ನೆಲ ಸಿಗುವುದಿಲ್ಲ. ಬೈಲಹೊಂಗಲದ ಬಜಾರದಲ್ಲಿ ನಾನು ಇಳಿಯಬೇಕಾದರೆ ಮೊದಲು ಒಂದು ಕಟ್ಟೆ ಹುಡುಕಬೇಕು. ಅದು ಸಿಗುವವರೆಗೆ ಮುಂದೆ ಹೋಗುತ್ತಲೇ ಇರಬೇಕು. ಕಾಯಿಪಲ್ಲೆಗೆಂದು ಹೊರಟವನು ಬಸ್ ಸ್ಟ್ಯಾಂಡಿನವರೆಗೂ ಹೋಗಿ ಬಂದದ್ದುಂಟು. ಪರಿಚಯದವರು ನಮಸ್ಕಾರ ಮಾಡಿದರೆ ನಿಲ್ಲುವ ಧೈರ್ಯವಿಲ್ಲದೆ ತಲೆಯಾಡಿಸಿ ಸಾಗುತ್ತಿದ್ದೆ. ಗಣಿತದ ಮಾಸ್ತರಿಗೆ ಸೊಕ್ಕು ಬಂದಿದೆ ಎಂದು ಊರವರು ಮಾತಾಡಿಕೊಂಡರು.

ಒಂದು ಸಲವಾದರೂ ಸೀಟಿನ ಮೇಲೆ ಕೂತೇ ನೆಲಕ್ಕೆ ಕಾಲೂರಿ ಯಾರೊಡನಾದರೂ ನಾಲ್ಕು ಮಾತಾಡಬೇಕು ಎಂಬುದೇ ನನ್ನ ಆಸೆ. ಅದಕ್ಕಾಗಿ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಉಕ್ಕಿನ ಪೈಪು ತರಿಸಿ, ನನ್ನ ಅಳತೆಯ ಫ್ರೇಮನ್ನು ಮನೆಯಲ್ಲೇ ಕಟ್ಟಲು ಕೂತೆ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಇಡೀ ಸೈಕಲ್ಲಿನ ಚಿತ್ರ ಬರೆದೆ. ಮನೆಗೆ ಬಂದವರು ಅದನ್ನು ದಾಟಲು ಹೆದರಿ ಗೋಡೆ ಹಿಡಿದು ಬರುತ್ತಿದ್ದರು. ಬೆಸುಗೆ ಹಾಕಲು ಗೆಳೆಯ ಈರಪ್ಪನನ್ನು ಕರೆದೆ. ಟ್ರ್ಯಾಕ್ಟರಿನ ಟ್ರೇಲರ್ ಮಾಡುವುದೇ ಅವನ ಕಸುಬು.

“ಎಷ್ಟ ಚೀಲ ಹೇರೂದೈತ್ರಿ ಮಾಸ್ತರ?” ಎಂದು ಕೇಳಿದ.

“ಚೀಲ ಅಲ್ಲೋ, ನಾ ಒಬ್ಬನ ಕುಂದ್ರಾಂವ.”

ಈರಪ್ಪ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಅದಕ್ಕೆ ಬಹಳ ಹೊತ್ತೇನೂ ಹಿಡಿಯಲಿಲ್ಲ. “ಹಂಗಾರ ಇಷ್ಟ ಪೈಪ ಯಾಕ ಬೇಕ್ರಿ?” ಎಂದ.

ಹಿಂದಿನವರು ಗೇಣು, ಮೊಳ, ಮಾರು ಎಂದು ತಮ್ಮ ಮೈಯಿಂದಲೇ ಲೋಕವನ್ನು ಅಳೆಯುತ್ತಿದ್ದರು. ಹೂ ಕೊಳ್ಳುವವರು ಉದ್ದ ಕೈಯ ಹೂಗಾರ್ತಿಯನ್ನು ಹುಡುಕಿಕೊಂಡು ಹೋಗುತ್ತಿದ್ದರೇನೋ. ಮೀಟರು ಬಂದು ಎಲ್ಲರಿಗೂ ಒಂದೇ ಅಳತೆಯಾಯಿತು, ಆದರೆ ಮನುಷ್ಯರು ಮಾತ್ರ ಒಂದೇ ಅಳತೆಯವರಾಗಲಿಲ್ಲ. ಫ್ರೇಮಿಗೆ ಬೇಕಾದದ್ದು ತೊಡೆಸಂದಿನಿಂದ ಹಿಮ್ಮಡಿಯವರೆಗಿನ ಉದ್ದ. ಅಲ್ಲಿ ಟೇಪು ಹಿಡಿಯಿರಿ ಎಂದು ಯಾರನ್ನು ಕೇಳುವುದು? ನಾಚಿಕೊಂಡು ನಮ್ಮ ಟೇಲರ್ ಶಿವಬಸಪ್ಪನ ಬಳಿ ಹೋಗಿ ನನ್ನ ಕಾಲಿನ ಉದ್ದ ಎಷ್ಟೆಂದೆ. ಯಾತಕ್ಕೆಂದು ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ. ತನ್ನ ಹಳೆಯ ವಹಿ ತೆರೆದು ಒಂದು ಅಂಕಿ ಬರೆದುಕೊಟ್ಟ. ಅದೇ ಲೆಕ್ಕಕ್ಕೆ ಸೀಟಿನ ಪೈಪು ಕತ್ತರಿಸಿ, ತುದಿಗಳನ್ನು ಅರದಿಂದ ಉಜ್ಜಿ ಉಜ್ಜಿ ಕೂಡಿಸಿದೆ. ಈರಪ್ಪ ಹಿತ್ತಿಲಲ್ಲಿ ಬೆಸುಗೆ ಹಾಕಿದ. ಮುಂದಿನಿಂದ ಹಿಂದಿನವರೆಗೆ ದಾರ ಎಳೆದು ನೋಡಿದೆವು. ಕೂದಲೆಳೆಯಷ್ಟೂ ಓರೆಯಿಲ್ಲ.

ಗಾಲಿ ಹಾಕಿ, ಹಸಿರು ಬಣ್ಣ ಬಳಿದು, ಭಾನುವಾರ ಬೆಳಿಗ್ಗೆ ಓಣಿಯವರ ಮುಂದೆಯೇ ಹತ್ತಿ ಕೂತೆ. ಕಾಲು ಜೋತಾಡಿದವು. ಸೀಟನ್ನು ಪೈಪಿಗೆ ತಾಗುವವರೆಗೂ ಇಳಿಸಿದೆ. ಆಗಲೂ ಜೋತಾಡಿದವು. ಶಿವಬಸಪ್ಪನನ್ನು ಕರೆಸಿ ಕೇಳಿದೆ.

“ಪ್ಯಾಂಟಿಗಂತ ತಿಳಕೊಂಡಿದ್ನಿರಿ. ಮಡಿಕಿಗೆ ಒಂದೂವರಿ ಇಂಚು, ನೀರಿಗೆ ಬಿದ್ದರ ಕುಗ್ಗತೈತಂತ ಒಂದ ಇಂಚು, ಎಲ್ಲಾ ಹಿಡದ ಕೊಟ್ಟೇನಿ,” ಎಂದ. ಸೈಕಲ್ಲನ್ನು ಒಮ್ಮೆ ಮುಟ್ಟಿ ನೋಡಿ, “ಇದು ಕುಗ್ಗಂಗಿಲ್ಲ ಬಿಡ್ರಿ,” ಎಂದೂ ಸೇರಿಸಿದ.

ಇಪ್ಪತ್ತಾರು ವರ್ಷ ಮಕ್ಕಳಿಗೆ ‘ತಾಳೆ ನೋಡಿ’ ಎಂದು ಬೈದ ಮಾಸ್ತರು ತಾನು ತಾಳೆ ನೋಡಿರಲಿಲ್ಲ. ಓಣಿಗೆ ಓಣಿಯೇ ನಗುತ್ತಿರುವಾಗ ನನ್ನ ಹೆಂಡತಿ ಗಿರಿಜಾ ಯೋಗದ ಕ್ಲಾಸು ಮುಗಿಸಿ, ಚೂಡಿದಾರದಲ್ಲೇ ಬಂದಳು. ಅವಳು ನನಗಿಂತ ಮೂರು ಇಂಚು ಎತ್ತರ. ಮದುವೆಯ ಫೋಟೋದಲ್ಲಿ ಅವಳು ಕುರ್ಚಿಯ ಮೇಲೆ ಕೂತಿರುವುದಕ್ಕೂ ನಾನು ನಿಂತಿರುವುದಕ್ಕೂ ಬೇರೆ ಕಾರಣವಿಲ್ಲ.

“ಸರೀರಿ, ನಾ ನೋಡ್ತೇನಿ,” ಎಂದಳು. ಮುನವಳ್ಳಿಯಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ ಹೊಡೆದವಳು. ಓಣಿಯ ತುದಿಯವರೆಗೆ ಹೋಗಿ, ತಿರುಗಿಸಿಕೊಂಡು ಬಂದು, ಸೀಟಿನ ಮೇಲೆ ಕೂತೇ ಒಂದು ಕಾಲೂರಿ ನಿಂತು, ಪಕ್ಕದ ಮನೆಯಾಕೆಯ ಜೊತೆ ನಾಲ್ಕಲ್ಲ, ನಲವತ್ತು ಮಾತಾಡಿದಳು. ಹೊಟ್ಟೆಕಿಚ್ಚಿನಿಂದ ನಾನು ಬೆಲ್ಲು ಸರಿಮಾಡುವವನಂತೆ ಅಲ್ಲೇ ನಿಂತಿದ್ದೆ.

ಆಮೇಲೆ ನನ್ನತ್ತ ತಿರುಗಿ ನಗುತ್ತಲೇ ಹೇಳಿದಳು: “ಏನ್ರಿ, ಈ ಮನ್ಯಾಗ ನನ್ನ ಅಳತಿಗೆ ಆಗಿದ್ದು ಇದೊಂದ ನೋಡ್ರಿ.”

ಮಾತು ತಮಾಷೆಯದೇ. ಆದರೂ ಒಳಗೆ ಹೋದವನಿಗೆ ಅಡುಗೆ ಕಟ್ಟೆ ಕಣ್ಣಿಗೆ ಬಿತ್ತು. ಅದನ್ನು ಕಟ್ಟಿಸಿದ್ದು ನಮ್ಮ ಅವ್ವನ ಎತ್ತರಕ್ಕೆ, ನಮ್ಮ ಮನೆತನವೇ ಗಿಡ್ಡ. ಇಪ್ಪತ್ತೆಂಟು ವರ್ಷ ಗಿರಿಜಾ ಅದರ ಮುಂದೆ ಬಾಗಿ ನಿಂತೇ ರೊಟ್ಟಿ ಬಡಿದಿದ್ದಾಳೆ. ಯೋಗದ ಕ್ಲಾಸಿಗೆ ಅವಳು ಹೋಗುತ್ತಿದ್ದದ್ದೂ ಬೆನ್ನುನೋವಿಗೇ. ವಯಸ್ಸಾಯಿತು, ನೋಯುತ್ತದೆ ಎಂದು ನಾನೇ ಅವಳಿಗೆ ಸಮಾಧಾನ ಹೇಳಿದ್ದೆ. ನನ್ನ ಅಳತೆ ಹಿಡಿದು ಊರೆಲ್ಲ ಓಡಾಡಿದವನು ಅವಳದನ್ನು ಒಂದು ದಿನವೂ ಕೇಳಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುವಾರ ಅಡುಗೆ ಕಟ್ಟೆ ಎತ್ತರಿಸಲು ಗೌಂಡಿ ಬಂದ. ನಾನು ಟೇಪು ಬಿಚ್ಚಿದೆ. “ಟೇಪ ಯಾಕ್ರಿ? ನಾನ ನಿಂದರ್ತೇನಿ,” ಎನ್ನುತ್ತ ಗಿರಿಜಾ ರೊಟ್ಟಿ ಬಡಿಯುವವಳಂತೆ ಕೈಯಿಟ್ಟು ನಿಂತಳು. ಗೌಂಡಿ ಅಲ್ಲಿಗೇ ಗೆರೆ ಎಳೆದ.

ಈಗ ಭಾನುವಾರ ಬೆಳಿಗ್ಗೆ ಅವಳು ನೇಸರಗಿ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಾಳೆ, ಚಹಾ ನನ್ನ ಪಾಲಿಗೆ ಬಂದಿದೆ. ಗ್ಯಾಸಿನ ಒಲೆ ನನ್ನ ಎದೆಗೆ ಬರುತ್ತದೆ. ಮಣೆಯ ಮೇಲೆ ನಿಂತು ಕುದಿಸುತ್ತೇನೆ. ಮೊನ್ನೆ ಈರಪ್ಪ ಬಂದವನು ಅಡುಗೆಮನೆಗೆ ಇಣುಕಿ ನೋಡಿದ.

“ಮಾಸ್ತರ, ಕಟ್ಟಿ ಅಳತಿನೂ ತಪ್ಪೇತಲ್ರಿ?”

“ಇಲ್ಲೋ ಈರಪ್ಪಾ,” ಎಂದೆ ಮಣೆಯ ಮೇಲಿಂದ, “ಈ ಸಲ ಬರೋಬ್ಬರಿ ಐತಿ.”