ಬೆನ್ನ ಹಿಂದಿನ ಉಸಿರು

ಕುರುಗೋಡಿನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಒಂದು ಮಧ್ಯಾಹ್ನ, ಊಟದ ನಂತರದ ಪೀರಿಯಡ್ಡಿನಲ್ಲಿ, ಹಲಗೆಯ ಮೇಲೆ ಸಮೀಕರಣ ಬಿಡಿಸುತ್ತಿದ್ದಾಗ ನನ್ನ ಬೆನ್ನ ಹಿಂದೆ ಯಾರೋ ಉಸಿರಾಡಿದರು. ಕತ್ತಿನ ಹತ್ತಿರ, ಜಡೆ ಶುರುವಾಗುವ ಜಾಗದಲ್ಲಿ, ಬೆಚ್ಚಗೆ ತಾಕಿತು. ಯಾವಳೋ ಹುಡುಗಿ ಎದ್ದು ಬಂದಿರಬೇಕೆಂದು ತಿರುಗಿದೆ. ಎಲ್ಲರೂ ಬೆಂಚಿನಲ್ಲೇ ಇದ್ದರು. ಕಿಟಕಿಯಾಚೆ ಗುಡ್ಡದ ಬಂಡೆಗಳು ಬಿಸಿಲಿಗೆ ಕಾದು ಬೆಳ್ಳಗಾಗಿದ್ದವು.

ಮರುದಿನವೂ ಹಾಗೇ ಆಯಿತು. ಆಮೇಲೆ ದಿನವೂ. ಎದೆ ಡವಗುಟ್ಟುತ್ತಿತ್ತು, ಅಂಗೈ ಬೆವರಿ ಸೀಮೆಸುಣ್ಣ ಜಾರುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು, ಕೈ ಚಾಚಿ ಅಡ್ಡಡ್ಡ ಬರೆಯುವುದನ್ನು ಕಲಿತೆ. ಮನೆಯಲ್ಲಿ ಒಲೆಯ ಮುಂದೆ ನಿಂತಾಗ ಅದು ಬರುತ್ತಿರಲಿಲ್ಲ, ಬಸ್ಸಿನಲ್ಲೂ ಬರುತ್ತಿರಲಿಲ್ಲ. ಹಲಗೆಯ ಮುಂದೆ ಮಾತ್ರ ಬರುತ್ತಿತ್ತು.

ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ನನ್ನ ಗಂಡ ಬಳ್ಳಾರಿಗೆ ಕರೆದೊಯ್ದು ಎದೆಯ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಿತ್ತು. "ಒಬ್ರು ಮನಶ್ಶಾಸ್ತ್ರಜ್ಞರ ಹತ್ರ ಹೋಗಿ ಮಾತಾಡ್ರಿ" ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಗಂಡ ಮೆಲ್ಲಗೆ ಕೇಳಿದರು, "ಅಲ್ಲಿ ನಮ್ಮೋರು ಯಾರಾರ ನೋಡಿದ್ರ?"

"ನೋಡಿದ್ರ ಅವರೂ ಅಲ್ಲಿಗೇ ಬಂದಿರ್ತಾರಲ್ಲ" ಎಂದೆ.

ಬಳ್ಳಾರಿಯಲ್ಲೇ ಸಿಕ್ಕ ಮನಶ್ಶಾಸ್ತ್ರಜ್ಞೆ ನನಗಿಂತ ಚಿಕ್ಕವಳು. ಅವಳ ಕೋಣೆಯ ಕೆಳಗೆ ಜೀನ್ಸ್ ಹೊಲಿಯುವ ಅಂಗಡಿ ಇತ್ತು. ಮಷಿನ್ನುಗಳ ಗುಂಯ್ಗುಡುವ ಸದ್ದು ನೆಲದಿಂದ ಪಾದಕ್ಕೆ ಏರುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ ಅವಳು, "ಉಸಿರು ಬಂದಾಗ ನೀವೇನು ಮಾಡ್ತೀರಿ?" ಎಂದಳು.

"ಪಾಠ ಮಾಡ್ತಾ ಹೋಗ್ತೀನ್ರಿ. ನಿಲ್ಲಿಸೋದಿಲ್ಲ."

"ಒಂದಿನ ಪಾಠಾನ ಫೋನಿನ್ಯಾಗ ರೆಕಾರ್ಡ್ ಮಾಡಿ ಕೇಳ್ರಿ."

ಭಾನುವಾರ ಬೆಳಿಗ್ಗೆ ಒಬ್ಬಳೇ ಕೂತು ಕೇಳಿದೆ. ನನ್ನ ದನಿ ಸರಾಗವಾಗಿ ಸಾಗಿತ್ತು. ಒಂದು ಪದದ ನಡುವೆ ತಟಕ್ಕನೆ ನಿಂತಿತು. ಫ್ಯಾನಿನ ಸದ್ದು, ಎಲ್ಲೋ ಒಂದು ಬೆಂಚು ಕಿರುಗುಟ್ಟಿದ್ದು. ನಲವತ್ತು ಹುಡುಗಿಯರಿದ್ದ ಕೋಣೆಯಲ್ಲಿ ಒಂದು ಪಿಸುಮಾತೂ ಇಲ್ಲ. ಸುಮಾರು ಒಂದು ನಿಮಿಷದ ಮೇಲೆ ಅದೇ ಪದದ ಉಳಿದರ್ಧದಿಂದ ನನ್ನ ದನಿ ಮತ್ತೆ ಶುರುವಾಯಿತು. ಒಂದೇ ಪೀರಿಯಡ್ಡಿನಲ್ಲಿ ಮೂರು ಸಲ ಹೀಗಾಗಿತ್ತು. ನಾನು ಮಾತಾಡುತ್ತಲೇ ಇದ್ದೆನೆಂದು ನನಗೆ ಚೆನ್ನಾಗಿ ನೆನಪಿತ್ತು.

ಮರುದಿನ ಮುಂದಿನ ಬೆಂಚಿನ ಹುಡುಗಿಯನ್ನು ಕರೆದು ಕೇಳಿದೆ, "ನಾನು ಪಾಠದ ನಡುವ ಸುಮ್ಮನಾಗ್ತೀನೇನವಾ?"

ಅವಳು ತಲೆ ತಗ್ಗಿಸಿದಳು. "ಹೂಂ ಮೇಡಂ. ಎರಡು ತಿಂಗಳಾತು. ಆವಾಗ ಯಾರೂ ಮಾತಾಡಬಾರದು ಅಂತ ನಾವು ಮಾತಾಡಿಕೊಂಡೀವಿ."

"ಯಾಕ?"

"ಯಾರೋ ಹೇಳಿದ್ದು ಕೇಳಿಸಿಕೊಳ್ಳೋರ ಥರ ನಿಂತಿರ್ತೀರಿ ಮೇಡಂ."

ಇದನ್ನು ಹೇಳಿದಾಗ ಮನಶ್ಶಾಸ್ತ್ರಜ್ಞೆಗೆ ಆಶ್ಚರ್ಯವಾಗಲಿಲ್ಲ. ಭಯ ಮಿತಿಮೀರಿದಾಗ ಮನಸ್ಸು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿದು ನಿಲ್ಲುವುದುಂಟು ಎಂದಳು. "ಇಂಥಾ ಉಸಿರು ಮೊದಲು ಯಾವಾಗಾರ ಕೇಳಿದ್ದು ನೆನಪೈತೇನ್ರಿ?"

ನನ್ನ ಬಾಯಿಂದ ಕೂಡಲೇ ಬಂತು: ಅಪ್ಪ. ಸಿರುಗುಪ್ಪದ ಮನೆಯ ಪಡಸಾಲೆ, ಸಂಜೆ, ನಾನು ಲೆಕ್ಕ ಮಾಡುತ್ತಿದ್ದೇನೆ. ಮಾಸ್ತರರಾಗಿದ್ದ ಅಪ್ಪ ಹಿಂದೆ ನಿಂತಿದ್ದಾರೆ. ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ಲೆಕ್ಕ ತಪ್ಪಿದಾಗ ಅವರ ಉಸಿರು ನಿಲ್ಲುತ್ತದೆ, ಅಷ್ಟೇ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಆಮೇಲೆ ಎರಡು ವಾರ ಉಸಿರು ಬರಲಿಲ್ಲ. ಮುಗಿಯಿತು ಅಂದುಕೊಂಡೆ.

ಸಿಟ್ಟಿಲ್ಲದೆ ಅಪ್ಪನಿಗೊಂದು ಮಾತು ಹೇಳಿಬಿಡೋಣವೆಂದು ಸಿರುಗುಪ್ಪಕ್ಕೆ ಹೋದೆ. ಪೂರ್ತಿ ಕೇಳಿಸಿಕೊಂಡ ಅಪ್ಪ ಕಕ್ಕಾಬಿಕ್ಕಿಯಾದರು. "ನಾನಾ? ನಾ ನಿನಗ ಒಂದಿನಾನೂ ಲೆಕ್ಕ ಹೇಳಿಕೊಟ್ಟಿಲ್ಲವ್ವ. ಅಷ್ಟು ದೂರದ ರಾರಾವಿ ಸಾಲಿಯಿಂದ ನಾ ಮನಿಗೆ ಬರೋದ್ರಾಗ ನೀ ಉಂಡು ಮಲಗಿರ್ತಿದ್ದಿ."

ಮುಚ್ಚಿಡುತ್ತಿದ್ದಾರೆ ಅನ್ನಿಸಿತು. ಅಕ್ಕಿ ಆರಿಸುತ್ತಿದ್ದ ಅವ್ವ ಮೊರದಿಂದ ಕಣ್ಣೆತ್ತದೆ ಅಂದಳು, "ಅವರು ಹೇಳೋದು ಖರೇ ಐತಿ. ನೀ ಒಬ್ಬಾಕೀನ ಕುಂತು ಮಾಡ್ತಿದ್ದಿ. ನಡುನಡುವ ಹಿಂದಕ್ಕ ತಿರುಗಿ 'ಸರಿ ಐತಾ?' ಅಂತ ಕೇಳ್ತಿದ್ದಿ. ಅಲ್ಲಿ ಯಾರೂ ಇರ್ತಿದ್ದಿಲ್ಲ. ನನಗ ಹೆದರಿಕಿ ಆಗಿ ಯಾರ ಮುಂದೂ ಹೇಳಲಿಲ್ಲ."

ಸುಡುಬಿಸಿಲಿನ ಮಧ್ಯಾಹ್ನವೇ ಬಸ್ಸು ಹತ್ತಿ ಮರಳಿದೆ. ಸೋಮವಾರ ಹಲಗೆಯ ಮುಂದೆ ನಿಂತೆ. ಉಸಿರು ಮರಳಿ ಬಂದಿತ್ತು.

"ಹಂಗಾದ್ರ ನನ್ನ ಹಿಂದ ನಿಂತಿದ್ದು ಯಾರ್ರಿ?" ಎಂದು ಮನಶ್ಶಾಸ್ತ್ರಜ್ಞೆಯನ್ನು ಕೇಳಿದೆ.

ಅವಳು ಪೆನ್ನು ಕೆಳಗಿಟ್ಟಳು. "ನನಗೂ ಗೊತ್ತಿಲ್ರಿ. ಖಾಲಿ ಇದ್ದ ಕಡೆ ನೆನಪು ಯಾರದಾರ ಮುಖ ತಂದು ಇಡತೈತಿ. ಅದು ಯಾರು ಅಂತ ತಿಳಿಯೋತನಕ ನೀವು ಕಾಯಬ್ಯಾಡ್ರಿ. ಬಂದಾಗ ಏನು ಮಾಡಬೇಕು ಅನ್ನೋದನ್ನ ಕಲಿಯೋಣು."

ಗೊತ್ತಿಲ್ಲ ಎಂದು ಅವಳು ಹೇಳಿದ್ದಕ್ಕೇ ನನಗೆ ಅವಳ ಮೇಲೆ ನಂಬಿಕೆ ಬಂತು. ಪಾದ ನೆಲಕ್ಕೆ ಊರಿದ್ದನ್ನು ಗಮನಿಸುವುದು, ಉಸಿರನ್ನು ನಿಧಾನವಾಗಿ ಹೊರಬಿಡುವುದು, ಹಲಗೆಗೆ ನೇರವಾಗಿ ನಿಲ್ಲುವುದು. ಇವನ್ನೆಲ್ಲ ಮಗುವಿನಂತೆ ಕಲಿತೆ. ಎಲ್ಲಕ್ಕಿಂತ ಕಷ್ಟದ್ದೆಂದರೆ ಬೇಕೆಂದೇ ಒಂದು ತಪ್ಪು ಉತ್ತರ ಬರೆದು, ಗಂಟೆ ಹೊಡೆಯುವವರೆಗೆ ಅಳಿಸದೆ ಬಿಡುವುದು. ಮೊದಲ ದಿನ ಎರಡು ಸಲ ಡಸ್ಟರ್ ಎತ್ತಿಕೊಂಡು ಮತ್ತೆ ಕೆಳಗಿಟ್ಟೆ. ಹುಡುಗಿಯರಿಗೂ ಹೇಳಿದೆ: ನಾನು ಸುಮ್ಮನಾದರೆ ಜೋರಾಗಿ ಮೇಡಂ ಅನ್ನಿ. ಮೊದಮೊದಲು ಹೆದರಿದರು, ಆಮೇಲೆ ಕ್ಲಾಸೆಲ್ಲ ಕಿರುಚತೊಡಗಿತು.

ಆರು ತಿಂಗಳಿಗೆ ರೆಕಾರ್ಡಿನಲ್ಲಿ ನನ್ನ ದನಿ ಎಲ್ಲೂ ನಿಲ್ಲಲಿಲ್ಲ. ಉಸಿರು ಈಗಲೂ ಒಮ್ಮೊಮ್ಮೆ ಬರುತ್ತದೆ. ಬಂದರೆ ಬರಲಿ ಎಂದು ಬರೆಯುತ್ತ ಹೋಗುತ್ತೇನೆ.

ಈ ಬೇಸಿಗೆಯಲ್ಲಿ ನಾಲ್ಕು ದಿನ ಇರಲು ಬಂದಿದ್ದ ಅವ್ವ, ಚಹಾ ಕುಡಿಯುತ್ತ ಇದ್ದಕ್ಕಿದ್ದಂತೆ, "ಬಳ್ಳಾರಿ ಆ ಹುಡುಗಿ ಹಂತ್ಯಾಕ ನನ್ನೂ ಕರಕೊಂಡು ಹೋಗು" ಅಂದಳು.

ಕರೆದುಕೊಂಡು ಹೋದೆ. ಅವ್ವ ಒಳಗೆ ಒಂದು ತಾಸು ಕೂತಳು. ನಾನು ಹೊರಗಿನ ಬೆಂಚಿನಲ್ಲಿ ಕಾದೆ. ಹೊರಬಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆ ಏನು ಹೇಳಿಕೊಂಡಳೋ ನಾನು ಕೇಳಲಿಲ್ಲ.

"ಮುಂದಿನ ಮಂಗಳವಾರ ಬಾ ಅಂದಾಳ" ಎನ್ನುತ್ತ ಅವ್ವ ಮೆಟ್ಟಿಲಿಳಿಯತೊಡಗಿದಳು.